ನಾಣ್ಯದಷ್ಟು ಜಾಗ

"ಈಗ ಹೋಯ್ತಾ?" ಡಿಕ್ಕಿಯೊಳಗೆ ತಲೆ ತೂರಿಸಿಕೊಂಡಿದ್ದ ಎಲೆಕ್ಟ್ರಿಷಿಯನ್ ಕೂಗಿ ಕೇಳಿದ.

"ಇಲ್ಲ, ಇದೆ," ಎಂದಳು ಅವಳು, ಸ್ಟೀರಿಂಗ್ ಬಿಗಿಯಾಗಿ ಹಿಡಿದುಕೊಂಡು.

ಎಕ್ಸಲೇಟರ್ ಒತ್ತಿದರೆ ಗುಂಯ್ ಎನ್ನುವ ಸದ್ದು ಇಂಜಿನ್ನಿನ ಜೊತೆಗೇ ಏರುತ್ತಿತ್ತು, ಬಿಟ್ಟರೆ ಇಳಿಯುತ್ತಿತ್ತು. ಹಾಡಿನ ಸೆಟ್ ಆಫ್ ಮಾಡಿದರೂ ನಿಲ್ಲುತ್ತಿರಲಿಲ್ಲ. ಅದಕ್ಕೇ ಅವಳ ಅಣ್ಣ, "ಇಂಜಿನ್ ಕೈ ಕೊಡ್ತಿದೆ. ಪೂರ್ತಿ ಕೆಡೋಕೆ ಮುಂಚೆ ಮಾರಿಬಿಡೋಣ" ಎಂದಿದ್ದ. ನಾಲ್ಕು ಗಂಟೆಗೆ ಕೊಳ್ಳುವವರು ಮನೆಗೆ ಬರುವುದಿತ್ತು. ಸದ್ದು ಇಂಜಿನ್ನಿನದಲ್ಲ ಎಂದು ಗೊತ್ತಾದರೆ ಕಾರು ಮಾರುವುದಿಲ್ಲ ಎಂದು ಅಣ್ಣನನ್ನು ಒಪ್ಪಿಸಿ ಅವಳು ಈ ಗ್ಯಾರೇಜಿಗೆ ಓಡಿಬಂದಿದ್ದಳು. ಡ್ಯಾಶ್‌ಬೋರ್ಡಿನ ಗಡಿಯಾರ ಮೂರೂ ಇಪ್ಪತ್ತು ತೋರಿಸುತ್ತಿತ್ತು.

"ಹಾಡಿನ ವೈರ್ ಕಿತ್ತರೂ ನರಳ್ತಾನೇ ಇದೆಯಲ್ಲ! ಇನ್ನು ಸ್ಪೀಕರಿನ ಅರ್ತಿಂಗ್ ಒಂದು ಉಳೀತು. ಅದೂ ಸರಿಯಿದ್ರೆ ನಿಮ್ಮಣ್ಣ ಹೇಳಿದ್ದೇ ಸರಿ."

ಅವಳು ಮತ್ತೆ ಗಡಿಯಾರ ನೋಡಿದಳು. ಹಿಂದೆ ಏನೋ ಕಿರುಗುಟ್ಟಿತು. ಇದ್ದಕ್ಕಿದ್ದಂತೆ ಸದ್ದು ನಿಂತಿತು. ಎಕ್ಸಲೇಟರ್ ಒತ್ತಿದಳು. ಇನ್ನೂ ಒತ್ತಿದಳು. ಬರೀ ಇಂಜಿನ್.

"ಸಾಕು, ಸಾಕು! ಇಂಜಿನ್ ಗುಂಡುಕಲ್ಲಿನ ಹಾಗಿದೆ. ಅರ್ತಿಂಗ್ ಬೋಲ್ಟ್ ಬಿಗಿ ಮಾಡಿದ್ದೇ ನಿಂತ್ಹೋಯ್ತು. ಬನ್ನಿ, ಕಳ್ಳನ್ನ ತೋರಿಸ್ತೀನಿ."

ಇಳಿಯುವ ಮೊದಲು ಅಣ್ಣನಿಗೆ ಫೋನ್ ಮಾಡಿದಳು. "ಅವರಿಗೆ ಬರೋದು ಬೇಡ ಅಂತ ಹೇಳಿಬಿಡಣ್ಣ," ಎಂದಷ್ಟೇ ಹೇಳಿ ಇಟ್ಟಳು.

ಡಿಕ್ಕಿಯಲ್ಲಿ ಹಾಡಿನ ಸೆಟ್ಟಿನ ದೊಡ್ಡ ಸ್ಪೀಕರ್, ಸಬ್‌ವೂಫರ್ ಪೆಟ್ಟಿಗೆ, ಪಕ್ಕಕ್ಕೆ ಸರಿದಿತ್ತು. ಎಲೆಕ್ಟ್ರಿಷಿಯನ್ ಕಪ್ಪು ವೈರಿನ ಬೋಲ್ಟ್ ಬಿಚ್ಚಿ ಅದರ ಅಡಿಯ ಜಾಗ ತೋರಿಸಿದ. "ಸೆಟ್ ಆಫ್ ಮಾಡಿದ್ರೂ ಗುಂಯ್ ಅಂತಿದ್ದದ್ದು ಈ ಪೆಟ್ಟಿಗೆ, ಇದಕ್ಕೆ ಕರೆಂಟ್ ಬೇರೆ. ಯಾರು ಕೂರಿಸಿದ್ದು?"

"ನಮ್ಮ ಮನೆಯವರು."

"ವೈರಿಂಗ್ ಕಣ್ಣಿಗೊತ್ಕೋಬೇಕು, ಹಾಗೆ ಮಾಡಿದ್ದಾರೆ. ಅರ್ತಿಂಗ್ ಮಾತ್ರ ಬಣ್ಣದ ಮೇಲೇ ಬಿಗಿದಿದ್ದಾರೆ. ಬಣ್ಣ ಕೆರೆದು ಬರೀ ತಗಡಿಗೆ ತಾಗಿಸ್ಬೇಕು. ಇಷ್ಟು ದಿನ ಬೋಲ್ಟಿಂದ ಹೇಗೋ ನಡೀತು, ಈಗ ಅದಕ್ಕೂ ತುಕ್ಕು. ಅವರಿಗೆ ಗೊತ್ತಿಲ್ದೆ ಏನಲ್ಲ, ನೋಡಿ." ರಂಧ್ರದ ಪಕ್ಕ ಉಗುರಿನಷ್ಟು ಉದ್ದದ ಒಂದೇ ಒಂದು ಗೆರೆ ಇತ್ತು. "ಕೆರೆಯೋಕೆ ಶುರು ಮಾಡಿ ಬಿಟ್ಟುಬಿಟ್ಟಿದ್ದಾರೆ. ಯಾಕೆ ಅಂತ ಮನೆಗೆ ಹೋಗಿ ಒಂಚೂರು ವಿಚಾರಿಸ್ಕೊಳಿ!"

"ಅವರಿಲ್ಲ. ಏಳು ತಿಂಗಳಾಯ್ತು."

ಎಲೆಕ್ಟ್ರಿಷಿಯನ್ ಕೈಯಲ್ಲಿದ್ದ ಬೋಲ್ಟನ್ನು ಅಂಗಿಗೆ ಒರೆಸಿದ. ಮತ್ತೆ ಒರೆಸಿದ.

ಯಾಕೆ ಎಂದು ಅವಳಿಗೆ ಗೊತ್ತಿತ್ತು. ಕಾರು ಮನೆಗೆ ಬಂದ ವಾರ, ಅಡುಗೆಮನೆಯ ಕಿಟಕಿಯಿಂದ ಅವಳೇ ಕೂಗಿದ್ದಳು: "ಹೊಸ ಕಾರಿಗೆ ಒಂದು ಗೆರೆ ಬಿತ್ತೋ, ಮನೆಯೊಳಗೆ ಕಾಲಿಡ್ಬೇಡ!" ಡಿಕ್ಕಿಯೊಳಗಿಂದ ಉತ್ತರ ಬಂದಿತ್ತು: "ಆಯ್ತು ಮಹರಾಯ್ತಿ."

ಎಲೆಕ್ಟ್ರಿಷಿಯನ್ ಸ್ಯಾಂಡ್‌ಪೇಪರಿನ ತುಂಡೊಂದನ್ನು ಹರಿದು ಅನುಮಾನಿಸುತ್ತ ನಿಂತ. "ಬಣ್ಣ ಹೋಗುತ್ತಮ್ಮ. ಪರವಾಗಿಲ್ವಾ?"

"ಇಲ್ಲಿ ಕೊಡಿ," ಎಂದು ಅವಳು ಕೈ ಚಾಚಿದಳು.

"ಜಾಸ್ತಿ ಬೇಡ. ನಾಣ್ಯದಷ್ಟು ಜಾಗ ಸಾಕು."

ಅವಳು ಮಂಡಿಯೂರಿ ಬಗ್ಗಿ ಉಜ್ಜತೊಡಗಿದಳು. ಬಣ್ಣ ನೀಲಿ ಹಿಟ್ಟಾಗಿ ಬೆರಳಿಗಂಟಿತು. ಎಲೆಕ್ಟ್ರಿಷಿಯನ್ "ಸಾಕು" ಎಂದ. ಸ್ವಲ್ಪ ಹೊತ್ತು ಬಿಟ್ಟು ಮೆಲ್ಲಗೆ, "ಸಾಕಮ್ಮ" ಎಂದ.

ಅಷ್ಟರಲ್ಲಿ ತಗಡು ಅಂಗೈ ಅಗಲ ಹೊಳೆಯುತ್ತಿತ್ತು.