ಸೋಮವಾರದ ಲೋಟ

ಬಾಗಿಲ ಸಂದಿಯಿಂದ ಇಂದುಧರ ಕಣ್ಣಾರೆ ಕಂಡ. ಹೆಂಡತಿ ಸಿಂಧು ಸೆರಗಿನ ಗಂಟು ಬಿಚ್ಚಿ, ಬಿಳಿ ಪುಡಿಯನ್ನು ಲೋಟದ ನೀರಿಗೆ ಸುರಿದು ಕದಡುತ್ತಿದ್ದಳು.

“ಬೇಗ ಕುಡೀರಿ ಅತ್ತೆ, ಅವರು ಬಂದ್ಬಿಟ್ಟಾರು.”

ಥೂ, ಇಂಥವಳ ಕೈಯಡುಗೆ ಉಂಡೆನಲ್ಲ!

ಅನುಮಾನ ಇವತ್ತಿನದಲ್ಲ. ಅಮ್ಮ ಶಾಂತಾದೇವಿ ವಾರವೆಲ್ಲ ಗಟ್ಟಿಮುಟ್ಟು. ಸೋಮವಾರ ಬಂತೆಂದರೆ ಬೆವರು, ನಡುಕ, ತೊದಲು ಮಾತು. ಅಂಗಡಿಗೆ ಸಾಮಾನು ತರಲು ಅವನು ಜಾವಗಲ್ ಬಿಟ್ಟು ಅರಸೀಕೆರೆಗೆ ಹೋಗುವುದೂ ಸೋಮವಾರವೇ. ಮನೆಯಲ್ಲಿ ಅತ್ತೆ, ಸೊಸೆ ಇಬ್ಬರೇ. ಅದಕ್ಕೇ ಇವತ್ತು ಬಸ್ ಸ್ಟ್ಯಾಂಡಿನಿಂದ ಸದ್ದಿಲ್ಲದೆ ವಾಪಸು ಬಂದಿದ್ದ.

ಅಮ್ಮನೆಂದರೆ ಅವನಿಗೆ ಜೀವ. ಅವಳ ಸಕ್ಕರೆ ಕಾಯಿಲೆಯ ಪಥ್ಯವಿರಲಿ, ಸಂಜೆಯವರೆಗಿನ ಸೋಮವಾರದ ಒಪ್ಪೊತ್ತಿರಲಿ, ಒಂದೂ ತಪ್ಪಲು ಬಿಟ್ಟವನಲ್ಲ. ದಿನಾ ಪೂಜೆ ಮುಗಿಸಿ, ಆಸ್ಪತ್ರೆಯವರು ತಿಂಡಿಗೆ ಮುಂಚೆ ಎಂದು ಕೊಟ್ಟ ಮಾತ್ರೆಯನ್ನು ವಿಭೂತಿ ಕೈಯಿಂದಲೇ ಅವಳ ಬಾಯಿಗೆ ಹಾಕುತ್ತಿದ್ದ. ಹೆಂಡತಿಯನ್ನು ಆ ಡಬ್ಬಿ ಮುಟ್ಟಲೂ ಬಿಡುತ್ತಿರಲಿಲ್ಲ.

ಒಳನುಗ್ಗಿ ಲೋಟ ಕಿತ್ತುಕೊಂಡ.

“ಕೊಡ್ರೀ! ಅತ್ತೆ ಅದನ್ನ ಕುಡೀಲೇಬೇಕು!”

“ಪೊಲೀಸ್ನೋರ ಮುಂದೆ ಕುಡಿಸುವಂತೆ, ಇರು.”

ಏನೋ ಹೇಳಲು ಹೋದ ಅಮ್ಮ ಗೋಡೆಗೆ ಒರಗಿ ಕುಸಿದಳು.

ಆಟೋದಲ್ಲಿ ತೊಡೆಯ ಮೇಲೆ ಅಮ್ಮನ ತಲೆ, ಕೈಯಲ್ಲಿ ಸಾಕ್ಷಿಯ ಲೋಟ. ಸಿಂಧು ಅಳುತ್ತಾ ಏನೋ ಹೇಳಹೊರಟು ಲೋಟಕ್ಕೆ ಕೈ ಚಾಚಿದಾಗಲೆಲ್ಲ “ಬಾಯ್ಮುಚ್ಚು!” ಎಂದು ಹೇಸಿಗೆಯಿಂದ ತಳ್ಳಿದ. ಅವಳ ಬೆರಳು ತಗುಲಿದ ಅಂಗಿಯ ತೋಳನ್ನು ಒರೆಸಿಕೊಂಡ.

ಆಸ್ಪತ್ರೆಯಲ್ಲಿ ನರ್ಸ್ ದಿವ್ಯಾ ಶಾಂತಾದೇವಿಯ ಬೆರಳು ಚುಚ್ಚಿ ನೋಡಿದಳು. “ಶುಗರ್ ಪೂರ್ತಿ ಇಳಿದುಹೋಗಿದೆ!” ಎಂದು ಓಡಿಹೋಗಿ ಗ್ಲೂಕೋಸ್ ತಂದು ಏರಿಸಿದಳು.

ಇಂದುಧರ ಲೋಟ ಮುಂದೆ ಹಿಡಿದ. “ವಿಷ ಮೇಡಂ. ಟೆಸ್ಟ್ ಮಾಡ್ಸಿ.”

ಸಿಂಧು ಅದನ್ನು ಕಸಿದು ಗಟಗಟನೆ ಕುಡಿದುಬಿಟ್ಟಳು.

“ಸಕ್ಕರೆ ನೀರು ಕಣ್ರೀ! ಮನೆಗೆ ಸಕ್ಕರೆ ತರೋದೇ ನಿಲ್ಸಿದ್ರಲ್ಲ, ಪಕ್ಕದ್ಮನೇಲಿ ಬೇಡಿ ತಂದಿದ್ದೆ. ನಡುಕ ಬಂದಾಗ ಇದು ಕುಡಿಸಿದ್ರೆ ಸುಧಾರಿಸ್ಕೊಳ್ತಿದ್ರು. ಒಪ್ಪೊತ್ತು ಮುರಿದೆ ಅಂತ ನೀವು ಬಯ್ತೀರಿ, ಹೇಳ್ಬೇಡ ಅಂತ ಅತ್ತೇನೇ ಅಂದಿದ್ರು.”

ದಿವ್ಯಾ ಗಕ್ಕನೆ ತಿರುಗಿದಳು. “ಒಪ್ಪೊತ್ತಾ? ನಾವು ಶುಗರ್ ಮಾತ್ರೆ ತಿಂಡಿಗೆ ಮುಂಚೆ ಅಂದ್ರೆ ತಿಂಡಿ ತಿನ್ನೋ ದಿನ ಅಂತ ಅಲ್ವೇನ್ರೀ? ಹೊಟ್ಟೆಗೇನೂ ಹಾಕ್ದೆ ಆ ಮಾತ್ರೆ ತಗೊಂಡ್ರೆ ಜೀವಕ್ಕೇ ಅಪಾಯ. ಯಾರ್ರೀ ಕೊಟ್ಟೋರು?”

ಮಂಚದ ಮೇಲೆ ಆಗಷ್ಟೇ ಕಣ್ಣು ಬಿಟ್ಟಿದ್ದ ಶಾಂತಾದೇವಿ ಹೆಮ್ಮೆಯಿಂದ ನಕ್ಕಳು.

“ನನ್ ಮಗ ಕಣವ್ವಾ. ಒಂದ್ ಸೋಮವಾರಾನೂ ತಪ್ಸಿಲ್ಲ.”