ಡಾಕ್ಟರಮ್ಮನ ಕಡೆಯವರು ಯಾರು

ಹಾರ್ಲನ್‌ನ ಹಂದಿದೊಡ್ಡಿಯ ಬೇಲಿಗೂ ಆ ಹಲಗೆ ಬಂದಿತ್ತು. ನಿನ್ನೆ ಸಂಜೆ ಇರಲಿಲ್ಲ. ವೆಂಡೆಲ್ ಕಾರು ನಿಲ್ಲಿಸಿ, ಮೊಣಕಾಲುದ್ದ ಹಿಮದಲ್ಲಿ ನಿಂತು ಓದಿದ: 'ಎಡ್ನಾ ಕ್ವಿಲ್ ಅಧ್ಯಕ್ಷೆಯಾಗಲಿ.' ಅಚ್ಚು ಹಾಕಿಸಿದ್ದಲ್ಲ. ಕೊಟ್ಟಿಗೆಗೆ ಬಳಿಯುವ ಕೆಂಪು ಬಣ್ಣದಲ್ಲಿ ಕೈಯಾರೆ ಬರೆದದ್ದು.

ವೆಂಡೆಲ್ ರಾಸ್ಕ್ ಅಮೆರಿಕದ ಅಯೋವಾ ರಾಜ್ಯದ ಆ ಕೌಂಟಿಗೆ, ಅಂದರೆ ಜಿಲ್ಲೆಗೆ, ಇಪ್ಪತ್ತೆಂಟು ವರ್ಷಗಳಿಂದ ಪಕ್ಷದ ಮುಖ್ಯಸ್ಥ. ದೇಶದ ಅಧ್ಯಕ್ಷ ಪದವಿಗೆ ಪಕ್ಷದಿಂದ ಯಾರು ನಿಲ್ಲಬೇಕೆಂದು ಅಲ್ಲಿನ ಜನ ಜನವರಿಯ ಚಳಿಯಲ್ಲಿ ಸಭೆ ಸೇರಿ ಹೇಳುತ್ತಾರೆ. ಏನು ಹೇಳುತ್ತಾರೆಂಬುದು ವೆಂಡೆಲ್‌ಗೆ ಯಾವಾಗಲೂ ಮೊದಲೇ ಗೊತ್ತಿರುತ್ತಿತ್ತು. ಈ ಸಲ ಗವರ್ನರ್ ಸಾಹೇಬರು ಎಂದು ಮೇಲಿನವರು ವರ್ಷದ ಹಿಂದೆಯೇ ತೀರ್ಮಾನಿಸಿದ್ದರು. ಎಡ್ನಾ ಕ್ವಿಲ್ ಎಲ್ಲಿಯವಳೋ. ದೂರದ ಮೊಂಟಾನಾ ರಾಜ್ಯದಲ್ಲಿ ದನದ ಡಾಕ್ಟರು. ಪಕ್ಷದ ಒಂದು ಸಮಿತಿಯಲ್ಲೂ ಕೂತವಳಲ್ಲ. ಈ ಕೌಂಟಿಗೆ ಕಾಲಿಟ್ಟವಳೂ ಅಲ್ಲ.

ಮೂರು ವಾರದ ಹಿಂದೆ ಹೆದ್ದಾರಿಯ ಪಕ್ಕ ಅವಳ ಹೆಸರಿನ ಎರಡು ಹಲಗೆ ಕಂಡವು. ಆವತ್ತೇ ರಾಜಧಾನಿಯ ಪಕ್ಷದ ಕಚೇರಿಯಿಂದ ಫೋನು ಬಂತು. ಯಾರೋ ಒಳಗೊಳಗೇ ಕೆಲಸ ಮಾಡುತ್ತಿದ್ದಾರೆ, ಅವರು ಯಾರೆಂದು ಪತ್ತೆ ಮಾಡು ಎಂದರು.

ವೆಂಡೆಲ್ ಮನೆಮನೆ ಹತ್ತಿಳಿದ. ಈ ಹೆಂಗಸಿನ ಪರವಾಗಿ ಯಾರಾದರೂ ಬಂದಿದ್ದರೇ ಎಂದು ಎಲ್ಲರನ್ನೂ ಕೇಳಿದ. ಯಾರೂ ಬಂದಿಲ್ಲ ಎಂದರು. ಯಾವ ಹೆಂಗಸು ಎಂದೂ ಕೇಳಿದರು. ಆಗ ಮುನ್ನೆಚ್ಚರಿಕೆಗೆಂದು ಅವನು ಅವಳ ಜಾತಕವನ್ನೆಲ್ಲ ಬಿಚ್ಚಿಡುತ್ತಿದ್ದ.

ನಿನ್ನೆ ಹಾರ್ಲನ್‌ನ ಅಡುಗೆಮನೆಯಲ್ಲೂ ಅದೇ ಆಗಿತ್ತು. ಹಾರ್ಲನ್‌ನ ಹೆಂಡತಿ ಬಿಸಿ ಸೇಬಿನ ಕಡುಬು ತಂದಿಟ್ಟಳು.

"ಅವಳಿಗೆ ಆಡಳಿತ ಅಂದ್ರೆ ಏನು ಗೊತ್ತು ಹೇಳು," ಎಂದ ವೆಂಡೆಲ್. "ಮೂವತ್ತು ವರ್ಷ ಮಾಡಿದ್ದೇ ಹಸುಗಳ ಹೆರಿಗೆ. ಮುಚ್ಚಿರೋ ಹಳ್ಳಿ ಆಸ್ಪತ್ರೆಗಳನ್ನ ಮತ್ತೆ ತೆಗೆಸ್ತಾಳಂತೆ. ಅದು ಆಗೋ ಮಾತಾ?"

ಹಾರ್ಲನ್ ಚಮಚ ಕೆಳಗಿಟ್ಟ. ಹೋದ ವರ್ಷ ಅವನ ಮಗಳಿಗೆ ಹೆರಿಗೆಯಾದದ್ದು ಆಸ್ಪತ್ರೆಯ ದಾರಿಯಲ್ಲಿ, ಅರವತ್ತು ಮೈಲಿ ಹೋಗಬೇಕಿದ್ದ ಕಾರಿನಲ್ಲಿ. ಅದನ್ನು ಅವನು ನಿಧಾನವಾಗಿ ಹೇಳಿದ. ವೆಂಡೆಲ್‌ಗೆ ಈ ಸಂಗತಿಯೇ ಗೊತ್ತಿರಲಿಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಈ ಅಡುಗೆಮನೆಯಲ್ಲಿ ಅವನು ಕೂತದ್ದು ಇದೇ ಮೊದಲು.

"ಕರು ಅಡ್ಡ ಆದ್ರೆ ತಾನೇ ಕೈ ಹಾಕಿ ತೆಗೀತಾಳಾ ಆವಮ್ಮ?" ಹಾರ್ಲನ್ ಕೇಳಿದ.

"ತೆಗೀತಾಳಂತೆ. ಆದ್ರೆ ಅದಕ್ಕೂ ದೇಶ ಆಳೋದಕ್ಕೂ ಏನಯ್ಯ ಸಂಬಂಧ?"

"ನೀನು ಹೇಳೋದ್ರಲ್ಲೂ ಅರ್ಥ ಇದೆ ಬಿಡು," ಎಂದು ಹಾರ್ಲನ್ ಅವನ ತಟ್ಟೆಗೆ ಇನ್ನೊಂದು ತುಂಡು ಹಾಕಿದ.

ಈಗ ನೋಡಿದರೆ ಬೇಲಿಗೆ ಹಲಗೆ.

ಮನೆಗೆ ಬಂದು ವೆಂಡೆಲ್ ನಕ್ಷೆ ಹರಡಿ, ಹಲಗೆ ಎದ್ದ ಮನೆಗಳಿಗೆಲ್ಲ ಗುರುತು ಹಾಕಿದ. ಹೆದ್ದಾರಿಯ ಪಕ್ಕದ ಮೊದಲಿನ ಎರಡನ್ನು ಬಿಟ್ಟರೆ ಗುರುತುಗಳೆಲ್ಲ ಅವನು ಹೋದ ದಾರಿಯಲ್ಲೇ ಇದ್ದವು. ಇಂದು ಅವನು ಹೋದ ಮನೆಗೆ ನಾಳೆ ಹಲಗೆ. ಅಂದರೆ ಯಾರೋ ಬೆನ್ನಿಗೇ ಬಂದು ಅವನು ಕಟ್ಟಿದ್ದನ್ನು ಕೆಡವಿಹೋಗುತ್ತಿದ್ದಾರೆ.

ಮಾರನೆಯ ದಿನ ಅವನ ಕಣ್ಣು ಕಾರಿನ ಕನ್ನಡಿಯ ಮೇಲೇ ಇತ್ತು. ಎರಡನೆಯ ಮನೆ ದಾಟುವಷ್ಟರಲ್ಲಿ ಹಿಂದೆ ಒಂದು ಹಸಿರು ಪಿಕಪ್ ಕಂಡಿತು. ಐದನೆಯ ಮನೆಯ ಬಳಿಯೂ ಅದೇ ಪಿಕಪ್. ಓಡಿಸುತ್ತಿದ್ದವಳು ಮಾರ್ಲಿಸ್ ಟ್ವೆಟ್, ಶಾಲೆಯ ಗ್ರಂಥಾಲಯದಿಂದ ನಿವೃತ್ತಳಾದ ಹೆಂಗಸು. ಅವಳು ಕೈಬೀಸಿ ಮುಗುಳ್ನಕ್ಕಳು ಕೂಡ.

ವೆಂಡೆಲ್ ಖುಷಿಯಿಂದ ಕಚೇರಿಗೆ ಫೋನು ಮಾಡಿ ಅವಳ ಹೆಸರು ಹೇಳಿದ. ಆ ಕಡೆಯವರು ಅವಳ ಹೆಸರನ್ನು ಇನ್ನೊಮ್ಮೆ ಹೇಳಿಸಿಕೊಂಡರು. ಆಮೇಲೆ, ಅವಳ ಗೊಡವೆಗೆ ಹೋಗಬೇಡ, ನಿನ್ನ ಕೆಲಸ ನೀನು ನೋಡಿಕೋ ಎಂದರು. ವೆಂಡೆಲ್ ನೋಡಿಕೊಂಡ. ಮುಂದಿನ ಆರು ದಿನದಲ್ಲಿ ಇನ್ನೂ ನಲವತ್ತು ಮನೆ ಹತ್ತಿಳಿದ. ಹೋದಲ್ಲೆಲ್ಲ ಕಾಫಿ, ಕಡುಬು, ಒಂದೊಂದು ಮನೆಯ ಕಷ್ಟಸುಖ. ಇದೇ ಮೊದಲು ಈ ಕೆಲಸ ಅವನಿಗೆ ಹಿಡಿಸತೊಡಗಿತ್ತು.

ಸಭೆಯ ಸಂಜೆ ಶಾಲೆಯ ವ್ಯಾಯಾಮದ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಯಾರಿಗೆ ಯಾರು ಬೇಕೋ ಅವರ ಮೂಲೆಗೆ ಹೋಗಿ ನಿಲ್ಲಬೇಕು, ತಲೆ ಎಣಿಸಬೇಕು. ಗವರ್ನರ್ ಮೂಲೆಯಲ್ಲಿ ವೆಂಡೆಲ್‌ನೂ ಸೇರಿ ಮೂವತ್ತೊಂದು ಜನ. ಎಡ್ನಾ ಕ್ವಿಲ್ ಮೂಲೆಯಲ್ಲಿ ನೂರ ನಲವತ್ತಾರು. ವೆಂಡೆಲ್ ಎರಡು ಸಲ ಎಣಿಸಿದ.

ಪ್ರತಿ ಗುಂಪಿನ ನಾಯಕನ ಹೆಸರನ್ನು ಫಾರಮ್ಮಿನಲ್ಲಿ ಬರೆಯಬೇಕೆಂದು ನಿಯಮ. ಕೊನೆಗೂ ಮಾರ್ಲಿಸ್ ಸಿಕ್ಕಿಬೀಳುತ್ತಾಳೆಂದುಕೊಂಡು ವೆಂಡೆಲ್ ಪೆನ್ನು ಹಿಡಿದು ದೊಡ್ಡ ಗುಂಪಿನ ಮುಂದೆ ನಿಂತ. ನಾಯಕರು ಯಾರು ಎಂದು ಕೇಳಿದ. ನೂರ ನಲವತ್ತಾರು ಮಂದಿ ಮುಖ ಮುಖ ನೋಡಿಕೊಂಡರು.

"ನಾಯಕ ಅಂತ ಯಾರೂ ಇಲ್ಲಪ್ಪ," ಎಂದ ಹಾರ್ಲನ್. "ನಮ್ಮ ಮನೆಗೆ ಬಂದು ಆವಮ್ಮನ ವಿಷಯ ಹೇಳಿದೋರು ಒಬ್ಬರೇ." ಸುತ್ತ ನಿಂತವರೆಲ್ಲ ತಲೆಯಾಡಿಸಿದರು.

ವೆಂಡೆಲ್ ಆ ಗುಂಪಿನಲ್ಲಿ ಮಾರ್ಲಿಸ್‌ಗಾಗಿ ಹುಡುಕಿದ. ಅವಳು ಅಲ್ಲಿರಲಿಲ್ಲ. ಗವರ್ನರ್ ಮೂಲೆಯಲ್ಲಿ ಬೆಂಚಿನ ಮೇಲೆ ಸ್ವೆಟರ್ ಹೆಣೆಯುತ್ತ ಕೂತಿದ್ದಳು. ಅವನು ನೇರ ಅಲ್ಲಿಗೆ ಹೋಗಿ, ಮನೆಮನೆಗೆ ನನ್ನ ಬೆನ್ನಿಗೇ ಬರುತ್ತಿದ್ದವರು ನೀವಲ್ಲವೇ ಎಂದು ಕೇಳಿದ.

"ಬರ್ತಿದ್ದೆ," ಎಂದಳು ಮಾರ್ಲಿಸ್, ಸೂಜಿ ನಿಲ್ಲಿಸದೆ. "ಡಾಕ್ಟರಮ್ಮನ ಪರ ಊರೆಲ್ಲ ಸುತ್ತುತಾ ಇರೋರು ಯಾರು ಅಂತ ನೋಡೋಕೆ ಕಚೇರಿಯೋರೇ ನನ್ನ ಕಳಿಸಿದ್ದು. ನೀವು ಎದ್ದು ಹೋದಮೇಲೆ ನಾನು ಹೋಗಿ ವಿಚಾರಿಸ್ತಿದ್ದೆ. ಪ್ರತಿ ಮನೇಲೂ ಒಂದೇ ಹೆಸರು ಹೇಳಿದ್ರು, ಕಚೇರಿಯೋರೇ ನಂಬಲಿಲ್ಲ. ನಿಮ್ಮದು, ವೆಂಡೆಲ್."

ವೆಂಡೆಲ್ ಹಾಲಿನ ಆ ತುದಿಯನ್ನು ನೋಡಿದ. ಯಾರೂ ಅವನನ್ನು ಅಣಕಿಸುತ್ತಿರಲಿಲ್ಲ. ಕೆಲವರು ಪಕ್ಕಕ್ಕೆ ಸರಿದು ಅವನಿಗೆ ಜಾಗ ಬಿಡುತ್ತಿದ್ದರು. ವಾರಗಟ್ಟಲೆ ಬಿಗಿದುಕೊಂಡಿದ್ದ ಅವನ ಮುಖ ಸಡಿಲವಾಗಿ, ತಡೆದರೂ ನಿಲ್ಲದೆ ನಗು ಹೊರಬಂತು.

ಎಡ್ನಾ ಕ್ವಿಲ್ ಗುಂಪಿನ ನಾಯಕ ಎಂಬಲ್ಲಿ ಅವನು ತನ್ನ ಹೆಸರು ಬರೆದ, ಗವರ್ನರ್ ಕಡೆಯ ಎಣಿಕೆಯಲ್ಲಿ ಒಂದು ಕಳೆದು ಮೂವತ್ತು ಮಾಡಿದ, ಡಾಕ್ಟರಮ್ಮನ ಮೂಲೆಗೆ ಹೋಗಿ ನಿಂತ.