ಕ್ಲಿಪ್ ಬಿಚ್ಚಿದ ಮೇಲೆ

ಹೆಣ್ಣು ನೋಡಲು ಬಂದವರ ಮುಂದೆ ಅವಳು ನಗಲಿಲ್ಲ. ಉಬ್ಬುಹಲ್ಲು ಕಂಡೀತೆಂದು ಬಾಯಿಗೆ ಸೆರಗು ಅಡ್ಡ ಹಿಡಿದೇ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ಸಂಜೆ ಬ್ರೋಕರ್ ಫೋನ್ ಮಾಡಿದ.

"ಹುಡುಗಿ ಲಕ್ಷಣವಾಗಿದಾಳೆ, ಆದ್ರೆ ಗಂಟುಮುಖ ಅಂತಾರೆ."

ಮರುದಿನವೇ ಅವಳು ಹಲ್ಲಿನ ಡಾಕ್ಟರ ಮುಂದೆ ಕೂತಿದ್ದಳು.

"ಅಗಿಯೋಕೆ ಏನೂ ತೊಂದರೆ ಇಲ್ವಲ್ಲಮ್ಮ, ಕ್ಲಿಪ್ ಯಾಕೆ?"

"ನಗೋಕೆ."

ಎರಡು ವರ್ಷ ಹಲ್ಲಿಗೆ ತಂತಿ ಬಿಗಿಸಿಕೊಂಡು, ನೋವಾದಾಗಲೆಲ್ಲ ಗಂಜಿ ಕುಡಿದಳು. ಕ್ಲಿಪ್ ಬಿಚ್ಚಿದ ಮೇಲೆ ಅವಳನ್ನು ಹಿಡಿಯುವವರಿರಲಿಲ್ಲ. ಹಾಲಿನವನನ್ನು ಕಂಡರೂ ನಗು, ಮೀಟರ್ ನೋಡಲು ಬಂದವನನ್ನು ಕಂಡರೂ ನಗು.

ಹೊಸ ಸಂಬಂಧ ಬಂತು. ಅವಳು ಕಾಫಿ ಕೊಡುವಾಗಲೂ ನಕ್ಕಳು, ಹೆಸರು ಹೇಳುವಾಗಲೂ ನಕ್ಕಳು. ಹುಡುಗ ಮಾತ್ರ ಬಾಯಿಗೆ ಹಿಡಿದ ಕರ್ಚೀಫು ತೆಗೆಯಲೇ ಇಲ್ಲ. ಕೇಳಿದ್ದಕ್ಕೆಲ್ಲ ಅದರ ಮರೆಯಿಂದಲೇ ಉತ್ತರ ಕೊಟ್ಟ. ಸೋದರಮಾವನ ಜೋಕಿಗೆ ಮನೆಯೆಲ್ಲ ನಕ್ಕಾಗ ಗೋಡೆಯ ಕಡೆ ಮುಖ ತಿರುಗಿಸಿದ. ಉಪ್ಪಿಟ್ಟನ್ನೂ ತಲೆ ತಗ್ಗಿಸಿ ಕರ್ಚೀಫಿನ ಮರೆಯಲ್ಲೇ ತಿಂದ.

ಸಂಜೆ ಬ್ರೋಕರ್ ಫೋನ್ ಬಂದದ್ದೇ ಅಮ್ಮ ಒಳಗೆ ಓಡಿದಳು.

"ಹುಡುಗ ಒಪ್ಪಿದಾನಂತೆ ಕಣೇ! ನೀನೇನಂತೀಯ?"

"ಬೇಡಮ್ಮ," ಎಂದಳು ಅವಳು. "ಆ ಗಂಟುಮುಖದ ಜೊತೆ ಯಾರು ಏಗ್ತಾರೆ?"